"ಮೊದಲ ಯಾರು ಕೆಣಕಿದ್ರು?" ಅನ್ನೋದು ಅರ್ಧ ಪ್ರಶ್ನೆ ಮಾತ್ರ

ನಮ್ಮ ಕಡೆ ಎಲ್ಲೇ ಹೊಡೆದಾಟ ಆಗಲಿ, ಮರುದಿನ ಚಹಾದಂಗಡಿಯಲ್ಲಿ ಬರುವ ಮೊದಲ ಪ್ರಶ್ನೆ ಒಂದೇ: "ಮೊದಲ ಯಾರು ಕೆಣಕಿದ್ರು?" ಅದಕ್ಕೆ ಉತ್ತರ ಸಿಕ್ಕ ಕೂಡಲೇ ತೀರ್ಪೂ ಬಂದುಬಿಡುತ್ತದೆ: "ಹಂಗಾದ್ರ ಅವಂದೂ ತಪ್ಪ ಅದ ಬಿಡು." ಏಟು ತಿಂದವನು ಆಸ್ಪತ್ರೆಯಲ್ಲಿದ್ದರೂ ಅಷ್ಟೇ, ಮಣ್ಣಾಗಿದ್ದರೂ ಅಷ್ಟೇ. ತಪ್ಪನ್ನು ಇಬ್ಬರಿಗೂ ಸಮನಾಗಿ ಹಂಚಿ ಎದ್ದು ಹೋಗುತ್ತೇವೆ.

ಔರಾದ್ ಭಾಗದ ಮುರ್ಕಿಯಲ್ಲಿ 2018ರಲ್ಲಿ ನಡೆದದ್ದನ್ನು ನೆನೆದಾಗಲೆಲ್ಲ ಈ ಹಂಚಿಕೆ ಸರಿಯಲ್ಲ ಅನ್ನಿಸುತ್ತದೆ. ಕಾನೂನು ಏನು ಹೇಳುತ್ತದೆ ಎಂದು ನೋಡಿದರೆ ಅದು ಪೂರ್ತಿ ತಪ್ಪು ಅನ್ನುವುದು ಗೊತ್ತಾಗುತ್ತದೆ.

ಅವತ್ತು ಏನಾಯಿತು

2018ರ ಜುಲೈ 13, ಶುಕ್ರವಾರ. ಹೈದರಾಬಾದಿನಿಂದ ಕೆಲವು ಗೆಳೆಯರು ಕಾರಿನಲ್ಲಿ ನಮ್ಮ ಜಿಲ್ಲೆಗೆ ಬಂದಿದ್ದರು. ಒಬ್ಬರು ಸಾಫ್ಟ್‌ವೇರ್ ಇಂಜಿನಿಯರ್. ಇನ್ನೊಬ್ಬರು ಕತಾರ್ ದೇಶದವರು. ಹಂದಿಕೇರಾದಲ್ಲಿ ಪರಿಚಯದವರ ಮನೆಗೆ ಬಂದವರು ದಾರಿಯಲ್ಲಿ ಶಾಲೆ ಮಕ್ಕಳನ್ನು ನೋಡಿ, ವಿದೇಶದಿಂದ ತಂದಿದ್ದ ಚಾಕಲೇಟ್ ಕೊಟ್ಟರು.

ನಡೆದ 'ಕೆಣಕು' ಇಷ್ಟೇ.

ಅದು ಮಕ್ಕಳ ಕಳ್ಳರ ವದಂತಿ ಹರಡಿದ್ದ ವರ್ಷ. ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಒಬ್ಬ ಕೂಲಿಕಾರನನ್ನು ಜನ ಹೊಡೆದು ಕೊಂದಿದ್ದರು. ಮುರ್ಕಿಗಿಂತ ಹನ್ನೆರಡು ದಿನ ಮೊದಲು, ಜುಲೈ 1ರಂದು, ಪಕ್ಕದ ಮಹಾರಾಷ್ಟ್ರದ ಧುಳೆ ಜಿಲ್ಲೆಯ ರೈನ್‌ಪಾಡಾದಲ್ಲಿ ಭಿಕ್ಷೆ ಬೇಡಲು ಬಂದಿದ್ದ ಐದು ಮಂದಿ ಅಲೆಮಾರಿಗಳು ಇದೇ ಅನುಮಾನಕ್ಕೆ ಬಲಿಯಾಗಿದ್ದರು. ಆ ದಿನಗಳಲ್ಲಿ ಎಲ್ಲರ ಫೋನಿಗೂ ಬಂದಿದ್ದ ಒಂದು ವಿಡಿಯೊ ನಿಮಗೆ ನೆನಪಿರಬಹುದು. ಬೈಕಿನಲ್ಲಿ ಬಂದವರು ಆಡುತ್ತಿರುವ ಮಗುವನ್ನು ಎತ್ತಿಕೊಂಡು ಹೋಗುವ ದೃಶ್ಯ. ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ಮಾಡಿದ ಜಾಗೃತಿ ಚಿತ್ರ. ಕೊನೆಯಲ್ಲಿ ಅವರೇ ಮಗುವನ್ನು ವಾಪಸ್ ತಂದುಬಿಟ್ಟು, ಎಚ್ಚರಿಕೆಯ ಫಲಕ ತೋರಿಸುತ್ತಾರೆ. ಆ ಕೊನೆಯನ್ನು ಯಾರೋ ಕತ್ತರಿಸಿ ಉಳಿದಷ್ಟನ್ನು ಹರಿಬಿಟ್ಟಿದ್ದರು.

ಹಂದಿಕೇರಾ ಕಡೆ ಜನ ಅನುಮಾನಪಟ್ಟು ಪ್ರಶ್ನಿಸಿದರು, ಮಾತಿಗೆ ಮಾತು ಬೆಳೆಯಿತು. ಹೆದರಿದ ಗೆಳೆಯರು ಕಾರು ಹತ್ತಿ ಹೊರಟರು. ಅವರಿಗಿಂತ ಮೊದಲೇ ಸುದ್ದಿ ವಾಟ್ಸ್‌ಆ್ಯಪ್‌ನಲ್ಲಿ ಮುರ್ಕಿ ಮುಟ್ಟಿತ್ತು. ಅಲ್ಲಿ ರಸ್ತೆಗೆ ಅಡ್ಡ ಹಾಕಲಾಯಿತು. ಕಾರು ರಸ್ತೆ ಬದಿಯ ತಗ್ಗಿಗೆ ಬಿತ್ತು. ಒಳಗಿದ್ದವರನ್ನು ಹೊರಗೆಳೆದು ಹೊಡೆದರು. ಕಮಲನಗರ ಠಾಣೆಯಿಂದ ಬಂದ ಪೊಲೀಸರು ಬಿಡಿಸಲು ಹೋಗಿ ತಾವೂ ಗಾಯಗೊಂಡರು. ಹೈದರಾಬಾದಿನ ಆ ಯುವ ಇಂಜಿನಿಯರ್ ಸತ್ತರು. ಜೊತೆಗಿದ್ದವರು ತೀವ್ರ ಗಾಯಗಳೊಂದಿಗೆ ಬದುಕಿದರು.

ಎರಡು ದಿನದೊಳಗೆ ಮೂವತ್ತರಷ್ಟು ಮಂದಿಯನ್ನು ಪೊಲೀಸರು ಬಂಧಿಸಿದರು. ವಾಟ್ಸ್‌ಆ್ಯಪ್ ಗ್ರೂಪಿನ ಅಡ್ಮಿನ್ ಕೂಡ ಅವರಲ್ಲಿದ್ದರು. ಬಂಧನದ ಭಯಕ್ಕೆ ಊರಿನ ಗಂಡಸರು ಮನೆ ಬಿಟ್ಟರು. ಬಂಧಿತರಲ್ಲಿ ಯಾರು ತಪ್ಪಿತಸ್ಥರು, ಯಾರಲ್ಲ ಎಂದು ಹೇಳುವುದು ನ್ಯಾಯಾಲಯದ ಕೆಲಸ. ನನ್ನ ಮಾತು ಆ ಹೆಸರುಗಳ ಬಗ್ಗೆ ಅಲ್ಲ. ಆಮೇಲೆ ನಮ್ಮ ಬಾಯಲ್ಲಿ ಬಂದ ಮಾತಿನ ಬಗ್ಗೆ: "ಗುರ್ತಿಲ್ಲದ ಊರಾಗ ಮಕ್ಕಳಿಗಿ ಚಾಕಲೇಟ್ ಯಾಕ ಕೊಡಬೇಕಿತ್ತು? ತಪ್ಪಿಲ್ಲಂದ್ರ ಓಡಿ ಯಾಕ ಹೋಗಬೇಕಿತ್ತು?"

ಚಾಕಲೇಟ್ ಕೊಡುವುದು ಯಾವ ಕಾನೂನಿನಲ್ಲೂ ಅಪರಾಧ ಅಲ್ಲ. ಗುಂಪು ಕಂಡು ಹೆದರಿ ಓಡುವುದೂ ಅಪರಾಧ ಅಲ್ಲ. ನಾವಿದ್ದರೂ ಓಡುತ್ತಿದ್ದೆವು. ಇನ್ನೂ ಒಂದು ಸಂಗತಿ ಇದೆ. ಚಾಕಲೇಟ್ ಹಂಚಿದ್ದು ಕತಾರಿನಿಂದ ಬಂದ ಗೆಳೆಯ ಎಂದು ಆಗ ವರದಿಯಾಗಿತ್ತು. ಸತ್ತವರು ಬೇರೆಯವರು.

ಕಾನೂನಿನಲ್ಲಿ ಕೆಣಕಿದ್ದಕ್ಕೆ ಎಷ್ಟು ಬೆಲೆ?

ಕೆಣಕುವಿಕೆಗೆ ಕಾನೂನು ಏನೂ ಬೆಲೆ ಕೊಡುವುದಿಲ್ಲ ಎಂದಲ್ಲ. ಕೊಡುತ್ತದೆ. ಹಳೆಯ ಐಪಿಸಿಯಲ್ಲೂ ಇತ್ತು, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಇದೆ. ಆದರೆ ಅದಕ್ಕೆ ಷರತ್ತುಗಳಿವೆ. ಪ್ರಚೋದನೆ 'ಗಂಭೀರ'ವೂ ಆಗಿರಬೇಕು, 'ಹಠಾತ್' ಕೂಡ ಆಗಿರಬೇಕು. ಒಂದಿದ್ದು ಒಂದಿಲ್ಲದಿದ್ದರೆ ಲೆಕ್ಕಕ್ಕಿಲ್ಲ. ಕೊಲೆ ಪ್ರಕರಣದಲ್ಲಿ, ಆ ಏಟು ಕೆಣಕಿದವನಿಗೇ ಬಿದ್ದಿರಬೇಕು, ಇಲ್ಲವೇ ಕೈತಪ್ಪಿ ಇನ್ನೊಬ್ಬನಿಗೆ ಬಿದ್ದಿರಬೇಕು. ಕೆಣಕಿದವನ ಜೊತೆಗಿದ್ದ ಎಂಬ ಕಾರಣಕ್ಕೆ ಇನ್ನೊಬ್ಬನನ್ನು ಹೊಡೆದರೆ ಈ ವಿನಾಯಿತಿ ಇಲ್ಲ.

'ಹಠಾತ್' ಅಂದರೆ ಎಷ್ಟು ಹೊತ್ತು? ಇದಕ್ಕೆ ದೇಶದ ಎಲ್ಲ ಕೋರ್ಟುಗಳು ಇವತ್ತಿಗೂ ನೋಡುವುದು ನಾನಾವತಿ ಪ್ರಕರಣವನ್ನು. 1959ರಲ್ಲಿ ಮುಂಬೈನಲ್ಲಿ ನೌಕಾಪಡೆಯ ಅಧಿಕಾರಿ ಕೆ.ಎಂ. ನಾನಾವತಿ ತನ್ನ ಹೆಂಡತಿಗೆ ಸಂಬಂಧವಿದ್ದ ವ್ಯಕ್ತಿಯನ್ನು ಗುಂಡಿಟ್ಟು ಕೊಂದರು. ಆ ಸಂಬಂಧವನ್ನು ಅದೇ ದಿನ ಹೆಂಡತಿಯೇ ಹೇಳಿದ್ದಳು. ಪ್ರಚೋದನೆ ಗಂಭೀರವೇ. ಆದರೆ ಅವರು ಮನೆಯಿಂದ ಹೊರಟು, ಹಡಗಿಗೆ ಹೋಗಿ ಪಿಸ್ತೂಲು ತೆಗೆದುಕೊಂಡು, ಆ ವ್ಯಕ್ತಿಯನ್ನು ಹುಡುಕಿಕೊಂಡು ಹೋಗುವಷ್ಟರಲ್ಲಿ ಸುಮಾರು ಮೂರು ತಾಸು ಆಗಿತ್ತು. ಅಷ್ಟು ಹೊತ್ತಿನಲ್ಲಿ ಮನಸ್ಸು ಹತೋಟಿಗೆ ಬರಲು ಅವಕಾಶವಿತ್ತು ಎಂದು 1961ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕೊಲೆ ಎಂದೇ ಶಿಕ್ಷೆ ಉಳಿಯಿತು.

ಈಗ ಇದೇ ಅಳತೆಗೋಲಿನಿಂದ ನಮ್ಮ ರಸ್ತೆಯನ್ನು ಅಳೆಯಿರಿ. ಒಂದು ಊರಲ್ಲಿ ಅನುಮಾನ, ಫೋನಿನಲ್ಲಿ ಸಂದೇಶ, ಮುಂದಿನ ಊರಲ್ಲಿ ಜನ ಸೇರುವುದು, ರಸ್ತೆಗೆ ಅಡ್ಡ ಹಾಕುವುದು, ಕಾರು ಬರುವವರೆಗೆ ಕಾಯುವುದು. ಇಷ್ಟೆಲ್ಲ ಮಾಡಿದವನು "ನನಗೆ ತಡೆಯಲಾರದ ಸಿಟ್ಟು ಬಂತು" ಎಂದರೆ ಯಾವ ನ್ಯಾಯಾಧೀಶರು ಒಪ್ಪಬೇಕು? ಅಡ್ಡ ಹಾಕಲು ಕಲ್ಲು, ಮರ ಹುಡುಕುವ ಹೊತ್ತಿಗೆ ಸಿಟ್ಟು ಹಠಾತ್ ಆಗಿ ಉಳಿದಿರುವುದಿಲ್ಲ.

ಪ್ರಚೋದನೆ ಸಾಬೀತಾದರೂ ಬಿಡುಗಡೆ ಸಿಗುವುದಿಲ್ಲ. ಶಿಕ್ಷೆ ಕಡಿಮೆ ಆಗಬಹುದು, ಅಷ್ಟೇ.

"ಮಕ್ಕಳನ್ನ ಉಳಿಸಲಿಕ್ಕ ಹೋಗಿದ್ವಿ"

ಇದು ಹೆಚ್ಚು ಗಟ್ಟಿಯಾದ ವಾದ, ಮತ್ತು ಮನಸ್ಸು ಮುಟ್ಟುವ ವಾದ. ಮಕ್ಕಳ ಬಗ್ಗೆ ಹೆದರಿಕೆ ಸುಳ್ಳಲ್ಲ. ಹೊಲಕ್ಕೆ ಹೋದ ತಾಯಿಗೆ ಮನೆಯಲ್ಲಿ ಬಿಟ್ಟುಬಂದ ಮಗುವಿನ ಚಿಂತೆ ಇದ್ದೇ ಇರುತ್ತದೆ.

ನಿಮ್ಮ ಕಣ್ಣೆದುರು ಒಬ್ಬ ಮಗುವನ್ನು ಎಳೆದುಕೊಂಡು ಹೋಗುತ್ತಿದ್ದರೆ ಅವನನ್ನು ತಡೆಯಲು ಬಲ ಬಳಸುವ ಹಕ್ಕು ಕಾನೂನಿನಲ್ಲಿದೆ. ಅದಕ್ಕೆ ಖಾಸಗಿ ರಕ್ಷಣೆಯ ಹಕ್ಕು ಎನ್ನುತ್ತಾರೆ. ಆದರೆ ಅಪಾಯ ಇರುವವರೆಗೆ ಮಾತ್ರ, ತಡೆಯಲು ಎಷ್ಟು ಬೇಕೋ ಅಷ್ಟು ಮಾತ್ರ. ಕಾರಿನಲ್ಲಿ ಮಗು ಇಲ್ಲ, ಕಾರು ತಗ್ಗಿಗೆ ಬಿದ್ದಿದೆ, ಒಳಗಿದ್ದವರು ಕೈಮುಗಿಯುವ ಸ್ಥಿತಿಯಲ್ಲಿದ್ದಾರೆ ಎಂದಾಗ ರಕ್ಷಣೆಯ ಹಕ್ಕು ಮುಗಿದಿರುತ್ತದೆ. ಆಮೇಲಿನ ಪ್ರತಿ ಏಟೂ ಹಲ್ಲೆ. ಅವರು ನಿಜವಾಗಿಯೂ ಮಕ್ಕಳ ಕಳ್ಳರೇ ಆಗಿದ್ದರೂ ಇದೇ ಕಾನೂನು.

"ನಾವು ಒಳ್ಳೆ ಮನಸ್ಸಿನಿಂದ ಹಾಗೆ ತಿಳಿದಿದ್ದೆವು" ಎಂದರೆ? ಕಾನೂನಿನಲ್ಲಿ ಸದ್ಭಾವನೆ ಎಂಬ ಪದಕ್ಕೆ ಅರ್ಥ ಕೊಟ್ಟಿದ್ದಾರೆ. ತಕ್ಕ ಎಚ್ಚರ, ತಕ್ಕ ಗಮನ ಇಲ್ಲದೆ ನಂಬಿದ್ದು ಸದ್ಭಾವನೆ ಅಲ್ಲ. ಕೊನೆ ಕತ್ತರಿಸಿದ ವಿಡಿಯೊ ನೋಡಿ, ಯಾರನ್ನೂ ವಿಚಾರಿಸದೆ ನಂಬಿದ್ದು ಆ ಅರ್ಥದಲ್ಲಿ ಬರುವುದಿಲ್ಲ.

ಎರಡು ಖಾತೆ, ಎರಡು ಸಾಲ

ಮುರ್ಕಿ ದೊಡ್ಡ ಪ್ರಕರಣ. ದಿನಾ ನಡೆಯುವ ಚಿಕ್ಕದನ್ನು ತೆಗೆದುಕೊಳ್ಳೋಣ. ಭಾಲ್ಕಿ ಬಸ್ ನಿಲ್ದಾಣದಲ್ಲಿ ಸೀಟಿಗಾಗಿ ಒಬ್ಬ ಇನ್ನೊಬ್ಬನಿಗೆ ಅವ್ವನ ಹೆಸರು ತೆಗೆದು ಬೈದ ಎಂದಿಟ್ಟುಕೊಳ್ಳಿ. ಬೈಸಿಕೊಂಡವನು ಊರಿಗೆ ಫೋನ್ ಮಾಡಿ ಎಂಟು ಹುಡುಗರನ್ನು ಕರೆಸುತ್ತಾನೆ. ಬೈದವನ ಕಾಲು ಮುರಿಯುತ್ತದೆ.

ನಮ್ಮ ಪಂಚಾಯಿತಿ ಏನು ಮಾಡುತ್ತದೆ? ಬೈಗುಳವನ್ನೂ ಮುರಿದ ಕಾಲನ್ನೂ ಒಂದೇ ತಕ್ಕಡಿಯಲ್ಲಿಟ್ಟು, "ಇಬ್ಬರದೂ ತಪ್ಪ, ಕೈಕೈ ಹಿಡೀರಿ" ಎನ್ನುತ್ತದೆ. ಕಾನೂನು ಹಾಗೆ ಮಾಡುವುದಿಲ್ಲ. ಅದು ಸೊಸೈಟಿ ಸಾಲದ ಲೆಕ್ಕದಂತೆ. ಪಕ್ಕದ ಮನೆಯವನು ಸಾಲ ಕಟ್ಟಿಲ್ಲ ಎಂದು ನಿಮ್ಮ ಸಾಲ ಮನ್ನಾ ಆಗುವುದಿಲ್ಲ. ಅವನ ಖಾತೆ ಬೇರೆ, ನಿಮ್ಮ ಖಾತೆ ಬೇರೆ.

ಜಗಳ ಹಚ್ಚುವ ಉದ್ದೇಶದಿಂದ ಬೈದವನಿಗೆ ನ್ಯಾಯ ಸಂಹಿತೆಯ 352ನೇ ಕಲಮು ಇದೆ, ಎರಡು ವರ್ಷದವರೆಗೆ ಜೈಲು. ಅವನ ಮೇಲೆ ದೂರು ಕೊಡಬಹುದು, ಕೊಡಲೇಬೇಕು. ಆದರೆ ಮೂಳೆ ಮುರಿಯುವುದು ತೀವ್ರ ಗಾಯ, ಅದಕ್ಕೆ ಏಳು ವರ್ಷದವರೆಗೆ ಜೈಲು. ಬೈಗುಳದ ಖಾತೆಯಿಂದ ತೆಗೆದು ಇದನ್ನು ತುಂಬಲು ಬರುವುದಿಲ್ಲ. ಹುಡುಗರನ್ನು ಕರೆಸಿ, ಕಾದು ಹೊಡೆದದ್ದರಿಂದ 'ಹಠಾತ್' ಎಂಬ ಮಾತೂ ಉಳಿದಿಲ್ಲ.

ಆ ಎಂಟು ಹುಡುಗರ ಗತಿ?

ನನ್ನ ವಯಸ್ಸಿನ, ನನಗಿಂತ ಚಿಕ್ಕ ವಯಸ್ಸಿನ ಓದುಗರು ಈ ಭಾಗವನ್ನು ಎರಡು ಸಲ ಓದಬೇಕು.

ಐದು ಎಂಬ ಅಂಕಿ ನೆನಪಿಡಿ. ಐದು ಅಥವಾ ಹೆಚ್ಚು ಜನ ಅಪರಾಧದ ಉದ್ದೇಶದಿಂದ ಸೇರಿದರೆ ಅದು ಕಾನೂನುಬಾಹಿರ ಕೂಟ (ಕಲಮು 189). ಆ ಕೂಟದ ಸಮಾನ ಉದ್ದೇಶಕ್ಕಾಗಿ ಒಬ್ಬ ಅಪರಾಧ ಮಾಡಿದರೆ, ಅಥವಾ ಹೀಗಾಗಬಹುದೆಂದು ಉಳಿದವರಿಗೆ ಗೊತ್ತಿದ್ದರೆ, ಕೂಟದಲ್ಲಿದ್ದ ಪ್ರತಿಯೊಬ್ಬನೂ ಅದೇ ಅಪರಾಧ ಮಾಡಿದಂತೆ (ಕಲಮು 190). ಐಪಿಸಿಯಲ್ಲಿ ಇದು 149ನೇ ಕಲಮಾಗಿತ್ತು.

ಅಂದರೆ ಕೋಲು ಬೀಸಿದವನು ಒಬ್ಬ, ಕೈಹಿಡಿದು ನಿಂತವನು ಒಬ್ಬ, ಓಡದಂತೆ ದಾರಿ ಕಟ್ಟಿದವನು ಒಬ್ಬ, "ಬಿಡಬ್ಯಾಡ, ಹಾಕು" ಎಂದು ಕೂಗಿದವನು ಒಬ್ಬ. ಸಾವಾದರೆ ನಾಲ್ವರ ಮೇಲೂ ಕೊಲೆಯ ಆರೋಪ. "ನಾನು ಕೈ ಹಚ್ಚಿಲ್ಲ ಸಾಹೇಬ್ರ" ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ಪ್ರತಿಯೊಬ್ಬನೂ ಏಟು ಹಾಕಿದ್ದನ್ನು ತೋರಿಸುವ ಅಗತ್ಯ ಇಲ್ಲ ಎಂದು ಮಸಾಲ್ತಿ ಪ್ರಕರಣದಲ್ಲಿ 1964ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ.

ಅದೇ ನ್ಯಾಯಾಲಯ ಇನ್ನೊಂದು ಮಾತನ್ನೂ ಹೇಳಿದೆ: ಉದ್ದೇಶದಲ್ಲಿ ಪಾಲಿಲ್ಲದೆ, ಏನಾಗುತ್ತಿದೆ ಎಂದು ನೋಡಲು ನಿಂತವನು ಕೂಟದ ಸದಸ್ಯ ಅಲ್ಲ. ಇದು ಮುಖ್ಯ. ಯಾಕೆಂದರೆ 190ನೇ ಕಲಮು ದೊಡ್ಡ ಬಲೆ. ದೊಡ್ಡ ಬಲೆಯಲ್ಲಿ ಕೊಲೆಗಾರನ ಜೊತೆ ಕುರಿ ಕಾಯುತ್ತ ಬಂದು ನಿಂತವನೂ ಸಿಗುತ್ತಾನೆ. ಎಫ್‌ಐಆರ್‌ನಲ್ಲಿ ನಾಲ್ಕು ಹೆಸರು ಬರೆದು "ಮತ್ತು ಇತರರು" ಎಂದು ಸೇರಿಸಿದರೆ, ಆ ಇತರರು ಯಾರು ಬೇಕಾದರೂ ಆಗಬಹುದು. ಹಳೆ ವೈಷಮ್ಯ, ಜಾತಿ, ರಾಜಕೀಯ ನುಸುಳುವುದು ಅಲ್ಲೇ. ಅದಕ್ಕೇ ಪೊಲೀಸರು ಪ್ರತಿ ಹೆಸರಿನ ಮುಂದೆ ಅವನು ಎಲ್ಲಿ ನಿಂತಿದ್ದ, ಏನು ಮಾಡಿದ ಎಂಬುದನ್ನು ಸಾಕ್ಷಿ, ವಿಡಿಯೊ ಸಮೇತ ಬರೆಯಬೇಕು. ಇಲ್ಲದಿದ್ದರೆ ನಿರಪರಾಧಿ ವರ್ಷಗಟ್ಟಲೆ ಕೋರ್ಟಿಗೆ ಅಲೆಯುತ್ತಾನೆ, ಅಪರಾಧಿ ಗುಂಪಿನ ಹಿಂದೆ ಅಡಗಿ ಪಾರಾಗುತ್ತಾನೆ. ಕಾನೂನು ಬಿಗಿ ಇರಲಿ ಎನ್ನುವ ನಾನು, ತನಿಖೆಯೂ ಅಷ್ಟೇ ಬಿಗಿ ಇರಲಿ ಎನ್ನುತ್ತೇನೆ.

ಗುಂಪು ಹತ್ಯೆಗೆ ಹೊಸ ಸಂಹಿತೆಯಲ್ಲಿ ಪ್ರತ್ಯೇಕ ಕಲಮು ಬಂದಿದೆ, 103(2). ಐದು ಅಥವಾ ಹೆಚ್ಚು ಜನ ಸೇರಿ ಜಾತಿ, ಸಮುದಾಯ, ಲಿಂಗ, ಹುಟ್ಟಿದ ಊರು, ಭಾಷೆ, ನಂಬಿಕೆ ಅಥವಾ ಅಂಥದೇ ಕಾರಣಕ್ಕೆ ಕೊಂದರೆ ಪ್ರತಿಯೊಬ್ಬನಿಗೂ ಮರಣದಂಡನೆ ಅಥವಾ ಜೀವಾವಧಿ, ಜೊತೆಗೆ ದಂಡ. ವದಂತಿ ನಂಬಿ ಕೊಂದದ್ದು ಈ ಕಲಮಿನಲ್ಲಿ ಬರುತ್ತದೋ ಇಲ್ಲವೋ ಎಂದು ವಕೀಲರು ವಾದ ಮಾಡಬಹುದು. ಬರದಿದ್ದರೂ ಸಾಮಾನ್ಯ ಕೊಲೆಯ ಕಲಮು 103(1) ಮತ್ತು 190 ಸೇರಿದರೆ ಶಿಕ್ಷೆ ಅದೇ. ಮುರ್ಕಿಯಂಥ ಹಳೆಯ ಪ್ರಕರಣಗಳಿಗೆ ಮಾತ್ರ ಘಟನೆ ನಡೆದಾಗ ಇದ್ದ ಐಪಿಸಿಯೇ ಅನ್ವಯ.

ಫೋನ್ ಹಿಡಿದವನ ಪಾಲು

ವಾಟ್ಸ್‌ಆ್ಯಪ್ ಅಡ್ಮಿನ್ ಆದ ಮಾತ್ರಕ್ಕೆ, ಬೇರೆಯವರು ಹಾಕಿದ ಸಂದೇಶಕ್ಕೆ ಹೊಣೆಗಾರ ಅಲ್ಲ ಎಂದು ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಹೇಳಿವೆ. ನ್ಯಾಯವಾದ ಮಾತು. ಆದರೆ ಅಡ್ಮಿನ್ ಆಗಲಿ, ಸದಸ್ಯ ಆಗಲಿ, ತಾನೇ ಸುಳ್ಳು ಸುದ್ದಿ ಹರಡಿ ಜನರನ್ನು ಎಬ್ಬಿಸಿದರೆ 353ನೇ ಕಲಮಿನಲ್ಲಿ ಮೂರು ವರ್ಷದವರೆಗೆ ಜೈಲಿದೆ. "ಕೆಂಪು ಕಾರು ಬರ್ಲಿಕತ್ತದ, ತಡೀರಿ, ಬಿಡಬ್ಯಾಡ್ರಿ" ಎಂದು ಬರೆದವನು ಅಲ್ಲಿಗೆ ಹೋಗದಿದ್ದರೂ ಕುಮ್ಮಕ್ಕು ಕೊಟ್ಟ ಆರೋಪಕ್ಕೆ ಗುರಿಯಾಗಬಹುದು.

ಮುರ್ಕಿ ಆದ ವಾರದಲ್ಲೇ ವಾಟ್ಸ್‌ಆ್ಯಪ್ ಕಂಪನಿ, ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಫಾರ್ವರ್ಡ್ ಮಾಡಬಹುದು ಎಂಬ ಮಿತಿ ಪ್ರಕಟಿಸಿತು. ಅಷ್ಟು ದೊಡ್ಡ ಕಂಪನಿ ತನ್ನ ಯಂತ್ರ ಬದಲಿಸಿಕೊಂಡಿತು. ನಮ್ಮ ಬೆರಳು ಬದಲಾಯಿತೇ?

ಸರ್ಕಾರದ ಖಾತೆ

ಮುರ್ಕಿ ನಡೆದ ನಾಲ್ಕೇ ದಿನಕ್ಕೆ, ಜುಲೈ 17ರಂದು, ತೆಹಸೀನ್ ಪೂನಾವಾಲಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಗುಂಪು ಹತ್ಯೆಗಳ ಬಗ್ಗೆ ತೀರ್ಪು ಕೊಟ್ಟಿತು. ಪ್ರತಿ ಜಿಲ್ಲೆಗೆ ಎಸ್‌ಪಿ ದರ್ಜೆಗೆ ಕಡಿಮೆ ಇಲ್ಲದ ನೋಡಲ್ ಅಧಿಕಾರಿ ಇರಬೇಕು, ವದಂತಿ ಹರಡುವ ಕಡೆ ಮೊದಲೇ ಎಚ್ಚರ ವಹಿಸಬೇಕು, ಸಂತ್ರಸ್ತರಿಗೆ ಪರಿಹಾರ ಯೋಜನೆ ಇರಬೇಕು, ವಿಚಾರಣೆಯನ್ನು ತ್ವರಿತ ನ್ಯಾಯಾಲಯಗಳಲ್ಲಿ ನಡೆಸಿ ಸಾಧ್ಯವಾದಷ್ಟು ಆರು ತಿಂಗಳಲ್ಲಿ ಮುಗಿಸಬೇಕು, ಕರ್ತವ್ಯ ಮರೆತ ಅಧಿಕಾರಿಯ ಮೇಲೂ ಕ್ರಮ ಆಗಬೇಕು ಎಂದು ಹೇಳಿತು.

ಜಿಲ್ಲೆಯ ನೋಡಲ್ ಅಧಿಕಾರಿ ಯಾರು ಎಂದು ಬೀದರ್ ನಗರದಲ್ಲಿ ಕೂತವರಿಗೆ ಗೊತ್ತಿರಬಹುದು. ಔರಾದಿನ ತಾಂಡಾದಲ್ಲಿರುವವರಿಗೂ ಗೊತ್ತಾಗಬೇಕು. ಆ ಹೆಸರು, ನಂಬರು ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಬರೆಯಿಸಲು ಕೋಟಿ ರೂಪಾಯಿ ಬೇಕಿಲ್ಲ, ಒಂದು ಡಬ್ಬಿ ಬಣ್ಣ ಸಾಕು. ನಾಲ್ಕಾರು ಪೊಲೀಸರು ನೂರಾರು ಜನರ ನಡುವೆ ಹೋಗಿ ಏಟು ತಿನ್ನುವ ಸ್ಥಿತಿ ಬರುವ ಮುಂಚೆ ಆಗಬೇಕಾದ ಕೆಲಸ ಇದು.

ಮುಂದಿನ ಸಲ ಅನುಮಾನ ಬಂದರೆ

ಹೊಸ ಮುಖ ಕಂಡರೆ ವಿಚಾರಿಸಿ, ತಪ್ಪೇನಿಲ್ಲ. "ಯಾರ ಮನಿಗಿ ಬಂದೀರಿ?" ಎಂದು ಕೇಳುವುದು ನಮ್ಮ ಊರಿನ ರೂಢಿಯೇ. ಸಮಾಧಾನ ಆಗದಿದ್ದರೆ ಗಾಡಿ ನಂಬರು ಬರೆದುಕೊಂಡು 112ಕ್ಕೆ ಫೋನ್ ಮಾಡಿ. ಮಕ್ಕಳ ವಿಷಯಕ್ಕೆ 1098 ಇದೆ.

ಗಂಭೀರ ಅಪರಾಧ ನಿಮ್ಮ ಕಣ್ಣೆದುರೇ ನಡೆದರೆ ಸಾಮಾನ್ಯ ನಾಗರಿಕನೂ ಹಿಡಿಯಬಹುದು. ಆದರೆ ತಡ ಮಾಡದೆ, ಹೆಚ್ಚೆಂದರೆ ಆರು ತಾಸಿನೊಳಗೆ ಪೊಲೀಸರಿಗೆ ಒಪ್ಪಿಸಬೇಕು ಎಂದು ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಮು ಹೇಳುತ್ತದೆ. ಹಿಡಿಯಲು ಅನುಮತಿ ಇದೆ, ಹೊಡೆಯಲು ಇಲ್ಲ. ಇನ್ನು ಗುಂಪಿನ ಏಟಿಗೆ ಸಿಕ್ಕವರ ಮನೆಯವರು ಪರಿಹಾರಕ್ಕೂ ಉಚಿತ ವಕೀಲರಿಗೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು. ಬಂಧನಕ್ಕೊಳಗಾದ ಬಡ ಹುಡುಗನ ತಾಯಿಯೂ ಉಚಿತ ವಕೀಲರಿಗಾಗಿ ಅದೇ ಬಾಗಿಲು ತಟ್ಟಬಹುದು. ಉಚಿತ ಸಹಾಯವಾಣಿ 15100.

ಚಹಾದಂಗಡಿಯ ಪ್ರಶ್ನೆಗೆ ಮತ್ತೆ ಬರುತ್ತೇನೆ. "ಮೊದಲ ಯಾರು ಕೆಣಕಿದ್ರು?" ಎಂದು ಕೇಳಬೇಡಿ ಎನ್ನುವುದಿಲ್ಲ, ಕೇಳಿ. ಆದರೆ ಅದು ಅರ್ಧ ಪ್ರಶ್ನೆ. ಉಳಿದ ಅರ್ಧ ಹೀಗಿದೆ: "ಆಮೇಲೆ ಯಾರ್ಯಾರು ಏನೇನು ಮಾಡಿದ್ರು? ನಿಲ್ಲಿಸಲಿಕ್ಕ ಯಾರಿಗೆ ಅವಕಾಶ ಇತ್ತು?" ಮುರ್ಕಿಯ ಆ ರಸ್ತೆಯಲ್ಲಿ ಮೊದಲ ಪ್ರಶ್ನೆಗೆ ಉತ್ತರ ಒಂದು ಚಾಕಲೇಟ್. ಎರಡನೆಯ ಪ್ರಶ್ನೆಗೆ ಉತ್ತರ ಕೊಡಬೇಕಾದವರು ನಾವು.